ವನವಿಹಾರದ ಕಣ್ಣು

ನಮ್ಮಲ್ಲಿ ಪ್ರವಾಸ ಸಾಹಿತ್ಯಕ್ಕೆ ಬರವೇನೂ ಇಲ್ಲ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ'ಯನ್ನು ಬಲ್ಲ ವಾಚಕರಿಗೆ ಕಾರಂತರ 'ಅಬೂವಿನಿಂದ ಬರಾಮಕ್ಕೆ', ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಇವುಗಳನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಪ್ರವಾಸ ಬರಹ ಹುಲುಸಾಗಿ ಬೆಳೆದಿದೆ. ಶನಿವಾರ ಹೊರಟು ಭಾನುವಾರ ಮರಳುವವರು ಬರೆಯುವ ಕಾಡಿನ ವರ್ಣನೆ ಅದು. ಇಂಥ ಬರಹಗಳನ್ನು ವಿಮರ್ಶೆ ಮುಟ್ಟುವ ರೂಢಿಯಿಲ್ಲ; ಅವು ಬಂದ ವಾರವೇ ಹಳಸುತ್ತವೆ ಎಂಬ ತಾತ್ಸಾರ ನಮ್ಮದು. ಆದರೆ ನಮ್ಮ ಸುತ್ತಿನ ಕಾಡು ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆಯಲ್ಲಿ ಈ ಹಳಸುವ ಬರಹಗಳಿಗೂ ಒಂದು ಪಾಲುಂಟೆಂದು ನನಗೆ ತೋರುತ್ತದೆ.

ನಾನು ಪಾಠ ಹೇಳುವುದು ಬೊಮ್ಮಸಂದ್ರದಲ್ಲಿ. ಕಾಲೇಜಿನ ಮಹಡಿಯ ಮೇಲೆ ನಿಂತರೆ ಒಂದು ಕಡೆ ಕಾರ್ಖಾನೆಗಳ ತಗಡಿನ ಸೂರು, ಇನ್ನೊಂದು ಕಡೆ 2025ರ ಆಗಸ್ಟಿನಲ್ಲಿ ಓಡಾಟ ತೊಡಗಿದ ಮೆಟ್ರೋದ ಕೊನೆಯ ನಿಲ್ದಾಣ. ಜಿಗಣಿಯ ಮೇಲೆ ಹಾಯ್ದರೆ ಬನ್ನೇರುಘಟ್ಟ ದೂರವೇನೂ ಅಲ್ಲ. ಭಾನುವಾರ ಬೆಳಿಗ್ಗೆ ಪಾಳಿಯಿಲ್ಲದ ಕಾರ್ಮಿಕರೂ ಕಂಪ್ಯೂಟರ್ ಕಂಪನಿಗಳ ತರುಣರೂ ಮಕ್ಕಳು ಮರಿಗಳೊಂದಿಗೆ ಆ ಕಡೆಗೆ ಹೊರಡುತ್ತಾರೆ. ಸಂಜೆ ಮರಳುವಾಗ ಹುಲಿ ಕಂಡವರ ಮುಖವೇ ಬೇರೆ, ಕಾಣದವರ ಮುಖವೇ ಬೇರೆ. ಇದನ್ನು ಹಳಿಯುವ ಉದ್ದೇಶ ನನ್ನದಲ್ಲ. ಆರು ದಿನ ಯಂತ್ರದ ಮುಂದೆ ನಿಂತವನು ಏಳನೆಯ ದಿನ ಒಂದು ಜಿಂಕೆಯನ್ನು ಕಂಡು ಹಿಗ್ಗಿದರೆ ಅದನ್ನು ತಪ್ಪೆನ್ನಲು ನಾನಾರು? ನನ್ನ ಜಗಳವಿರುವುದು ನೋಡುವವನೊಡನೆ ಅಲ್ಲ, ಅವನಿಗೆ ನಾವು ತೊಡಿಸಿ ಕಳುಹಿಸುವ ಕಣ್ಣಿನೊಡನೆ.

ಆ ಕಣ್ಣು ಬಹು ಹಳೆಯದು. ಚಂಪೂ ಕಾವ್ಯಗಳನ್ನು ಓದಿದವರಿಗೆ ಅಷ್ಟಾದಶ ವರ್ಣನೆಗಳ ನೆನಪಿದ್ದೇ ಇರುತ್ತದೆ. ಉದ್ಯಾನಕೇಳಿ, ಜಲಕ್ರೀಡೆ ಅವುಗಳಲ್ಲಿ ಸೇರಿವೆ. ಅರಸನು ಪರಿವಾರಸಹಿತನಾಗಿ ಬನಕ್ಕೆ ಬರುತ್ತಾನೆ, ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ತಂಗಾಳಿ ಬೀಸುತ್ತದೆ, ಎಲ್ಲವೂ ಅರಸನಿಗಾಗಿ. ಆ ಬನದಲ್ಲಿ ಸೌದೆ ಆಯುವ ಮುದುಕಿ ಇಲ್ಲ, ದನ ಮೇಯಿಸುವ ಹುಡುಗನಿಲ್ಲ. ಇದ್ದರೆ ವರ್ಣನೆ ಕೆಡುತ್ತದೆ. ಕವಿಸಮಯವೆಂದು ನಾವು ಇದನ್ನು ತರಗತಿಯಲ್ಲಿ ಸುಮ್ಮನೆ ದಾಟಿಸಿಬಿಡುತ್ತೇವೆ. ಆದರೆ ವಿಹಾರವೆಂಬುದು ಅಷ್ಟು ನಿರಪಾಯವಾದ ವಸ್ತುವೇ? ಖಾಂಡವ ದಹನದ ಕತೆಯನ್ನು ನೆನೆಯಿರಿ. ಕೃಷ್ಣಾರ್ಜುನರು ಯಮುನೆಯ ತೀರಕ್ಕೆ ಹೋದದ್ದು ಜಲಕ್ರೀಡೆಗೆಂದೇ. ಅಲ್ಲಿಗೆ ಅಗ್ನಿ ಬಂದ. ವಿಹಾರಕ್ಕೆ ಹೋದವರೇ ಕಾಡಿನ ನಾಲ್ಕೂ ದಿಕ್ಕಿಗೆ ಕಾವಲು ನಿಂತು ಅದನ್ನು ಸುಡಿಸಿದರು. ಬದುಕಿ ಉಳಿದವರಲ್ಲಿ ಮಯನೊಬ್ಬ. ಅವನಿಂದ ಇಂದ್ರಪ್ರಸ್ಥದಲ್ಲಿ ಸಭಾಭವನವೆದ್ದಿತು. ಕಾಡು ಹೋಗಿ ಕಟ್ಟಡ ಎದ್ದ ಕತೆಯಲ್ಲಿ ನಮ್ಮ ಹೊಸೂರು ರಸ್ತೆಯ ಜನಕ್ಕೆ ಅಪರಿಚಿತವಾದದ್ದು ಏನೂ ಇಲ್ಲ.

ಚಂಪೂವಿನ ಕಾಲ ಕಳೆಯಿತು, ಮಾತುಗಳು ಮಾತ್ರ ಉಳಿದಿವೆ. 1974ರಲ್ಲಿ ಬನ್ನೇರುಘಟ್ಟದ ಕಾಡನ್ನು 'ರಾಷ್ಟ್ರೀಯ ಉದ್ಯಾನ'ವೆಂದು ಸಾರಿದರು. ಉದ್ಯಾನ! ಆನೆ, ಚಿರತೆ, ಕರಡಿಗಳಿರುವ, ಬಿದಿರು ಮುಳ್ಳು ಬೆಳೆದ, ಇಂದು ಸುಮಾರು 260 ಚದರ ಕಿಲೋಮೀಟರಿನಷ್ಟು ಹರಡಿ ದಕ್ಷಿಣಕ್ಕೆ ಕಾವೇರಿಯ ಕಾಡುಗಳಿಗೆ ತಗುಲಿಕೊಂಡಿರುವ ಅಡವಿಗೆ ನಾವು ಇಟ್ಟ ಹೆಸರು ಲಾಲ್‌ಬಾಗಿಗೆ ಒಪ್ಪುವ ಹೆಸರು. 2002ರಲ್ಲಿ ಮೃಗಾಲಯ, ಸಫಾರಿಗಳಿರುವ ಭಾಗವನ್ನು ಬೇರ್ಪಡಿಸಿ 'ಜೈವಿಕ ಉದ್ಯಾನ'ವೆಂದರು. 2006ರಲ್ಲಿ ಚಿಟ್ಟೆಗಳಿಗೂ ಒಂದು ಉದ್ಯಾನ ಬಂತು. ಭಾನುವಾರದ ಪ್ರವಾಸಿಗರು ಕಾಣುವುದು ಈ ಬೇಲಿಯೊಳಗಿನ ಭಾಗವನ್ನು. ಬೇಲಿಯಾಚೆಗಿನ ನಿಜವಾದ ಕಾಡು ಹಾರೋಹಳ್ಳಿ, ಆನೇಕಲ್ಲು, ಕೋಡಿಹಳ್ಳಿಗಳ ಕಡೆಗೆ ಹಬ್ಬಿದೆ. ಅದರ ಅಂಚಿನಲ್ಲಿ ಊರುಗಳಿವೆ, ರಾಗಿ ಹೊಲಗಳಿವೆ. ಈ ಮೂರನೆಯದು ಯಾವ ಬರಹದಲ್ಲಿದೆ? ನಾನು ಓದಿದ ಹತ್ತಾರು ಪ್ರವಾಸ ಲೇಖನಗಳಲ್ಲಿ ಎರಡೇ ಪಾತ್ರಗಳು: ಒಂದು ಮೃಗ, ಇನ್ನೊಂದು ಲೇಖಕ. ಊರಿನವನು ಬಂದರೆ ದಾರಿ ತೋರಿಸಲು ಬರುತ್ತಾನೆ, ಇಲ್ಲವೆ 'ಮುಗ್ಧ ಹಳ್ಳಿಗ'ನಾಗಿ ಬಿಸಿ ಚಹಾ ಕೊಡಲು ಬರುತ್ತಾನೆ. ಅವನಿಗೆ ಹೆಸರಿಲ್ಲ, ಸಿಟ್ಟಂತೂ ಇಲ್ಲವೇ ಇಲ್ಲ.

ಇಷ್ಟನ್ನು ಹೇಳಿ ಇತರರ ಮೇಲೆ ಬೆರಳು ತೋರಿಸಿ ಕೂರುವುದು ನ್ಯಾಯವಲ್ಲ. ಕೆಲವು ವರ್ಷಗಳ ಕೆಳಗೆ ನಾನು ಬಿ.ಕಾಂ. ಎರಡನೆಯ ವರ್ಷದ ಹುಡುಗರಿಗೆ 'ಬನ್ನೇರುಘಟ್ಟಕ್ಕೆ ನಾನು ಮಾಡಿದ ಪ್ರವಾಸ' ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ನಲವತ್ತು ಉತ್ತರಗಳಲ್ಲಿ ಮೂವತ್ತೊಂಬತ್ತು ಹುಲಿಯಿಂದ ತೊಡಗಿ ಐಸ್‌ಕ್ರೀಮಿನಲ್ಲಿ ಮುಗಿದಿದ್ದವು. ಒಬ್ಬ ಹುಡುಗ ಮಾತ್ರ ತಾನು ಬನ್ನೇರುಘಟ್ಟಕ್ಕೆ ಪ್ರವಾಸ ಹೋಗಿಲ್ಲವೆಂದೂ ಆದರೆ ಕಾರ್ತಿಕ ಕಳೆದು ರಾಗಿ ತೆನೆ ಬಲಿತಾಗ ಬನ್ನೇರುಘಟ್ಟವೇ ತಮ್ಮ ಹೊಲಕ್ಕೆ ಬರುತ್ತದೆಂದೂ ಬರೆದಿದ್ದ. ಅಟ್ಟಣೆಯ ಮೇಲೆ ತಾತನೊಡನೆ ಕಂಬಳಿ ಹೊದ್ದು ಕೂತದ್ದು, ತಗಡಿನ ಡಬ್ಬ ಬಡಿದದ್ದು, ತಾತ ಕತ್ತಲಲ್ಲಿ 'ಆನೆ' ಎಂಬ ಮಾತನ್ನೇ ಆಡದೆ 'ಸಾಕು ಹೋಗಪ್ಪ ಸಾಮಿ, ಮಕ್ಕಳಿಗೂ ಒಸಿ ಬುಡು' ಎಂದು ಕೈ ಮುಗಿದದ್ದು, ಬೆಳಗ್ಗೆ ನೋಡಿದರೆ ಮೆದೆ ಕಟ್ಟಬೇಕಾಗಿದ್ದ ಹೊಲ ಕಣದಂತೆ ತುಳಿದುಹೋಗಿದ್ದದ್ದು, ಎಲ್ಲವನ್ನೂ ಕಾಗುಣಿತದ ತಪ್ಪುಗಳೊಂದಿಗೆ ಎರಡು ಪುಟ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಗೀಚಿ ಇಪ್ಪತ್ತಕ್ಕೆ ಏಳು ಅಂಕ ಕೊಟ್ಟೆ. ಹುಡುಗ ತರಗತಿಯಲ್ಲಿ ತೂಕಡಿಸುತ್ತಿದ್ದುದನ್ನು ಕಂಡು ಎರಡು ಸಲ ಗದರಿದ್ದೂ ಉಂಟು. ಅದೇಕೆಂದು ಕೇಳಿದ್ದು ಆಮೇಲೆ. 'ರಾತ್ರಿಯೆಲ್ಲ ಕಾವಲು ಸಾರ್' ಎಂದ, ಅಷ್ಟೆ.

ಸಾಹಿತ್ಯದ ಮೇಷ್ಟರಾದವನು ಮಾಡಬಾರದ ತಪ್ಪು ಅದು. ನಲವತ್ತು ಬರಹಗಳಲ್ಲಿ ಸಾಹಿತ್ಯವೆನ್ನಬಹುದಾದ ಒಂದನ್ನು ನಾನು ಆರಿಸಿ ಆರಿಸಿ ತಿರಸ್ಕರಿಸಿದ್ದೆ. ಏಕೆಂದರೆ ಪ್ರಶ್ನೆಯನ್ನು ಕೊಟ್ಟವನ ಕಣ್ಣಿನಲ್ಲಿಯೇ ವನವಿಹಾರವಿತ್ತು. ಅಂದಿನಿಂದ ಕನ್ನಡದಲ್ಲಿ ಕಾಡಿಗೆ ಬರುವ ಹೊರಗಿನವನನ್ನು ಕುರಿತ ಒಳ್ಳೆಯ ಬರಹಗಳಲ್ಲಿ ಏನಿದೆಯೆಂದು ಮತ್ತೆ ಓದತೊಡಗಿದೆ.

ಮೊದಲು ಕೈಗೆ ಬಂದದ್ದು ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಗೋಪಾಲಯ್ಯನೆಂಬ ಸಾಹಸಿಯ ಚಿತ್ರವೆಂದೇ ನಾವೆಲ್ಲ ಓದಿದ್ದೇವೆ. ಅದನ್ನು ಪ್ರವಾಸಿಯ ಕತೆಯೆಂದು ಓದಿ ನೋಡಬೇಕು. ಸುಬ್ರಹ್ಮಣ್ಯದ ಕಡೆಯಿಂದ ಬರುತ್ತ ಕತ್ತಲಲ್ಲಿ ದಾರಿ ತಪ್ಪಿದ ನಿರೂಪಕನನ್ನು ಊರವರಿಬ್ಬರು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಅವನ ಇಷ್ಟದಂತೆ ಏನೂ ನಡೆಯುವುದಿಲ್ಲ. ಎಂದು ಹೊರಡಬೇಕೆಂಬುದನ್ನು ತೀರ್ಮಾನಿಸುವವನು ಮನೆಯ ಯಜಮಾನ. ಏನನ್ನು ನೋಡಬೇಕೆಂಬುದನ್ನು ಕೂಡ. ಸ್ನಾನ, ಊಟ, ಉಪಚಾರಗಳಾದ ಮೇಲೆ ಆ ಮುದುಕ ಮುದುಕಿಯರ ಎದೆಯೊಳಗಿನ ನೋವು, ಮನೆ ಬಿಟ್ಟು ಹೋದ ಮಗನ ಕೊರಗು, ಅತಿಥಿಯ ಮೇಲೆ ಬೀಳುತ್ತದೆ. ಬೆಟ್ಟದ ಚೆಲುವನ್ನು ಕಂಡದ್ದಕ್ಕೆ ಅವನು ತೆರಬೇಕಾದ ಬೆಲೆ ಅದು. ನಾಲ್ಕು ದಿನದ ನಂಟು ಋಣವಾಗುತ್ತದೆ. ಹುಲಿಯೂ ಅಲ್ಲಿ ನೋಟದ ವಸ್ತುವಲ್ಲ, ಕೊಟ್ಟಿಗೆಯ ದನವನ್ನು ಲೆಕ್ಕ ಹಾಕುವಂತೆ ಮಾಡುವ ನೆರೆಯವನು.

ಈ ಮೆಚ್ಚಿಕೆಯ ಜೊತೆಗೆ ಒಂದು ತಕರಾರೂ ಉಂಟು. ದಾರಿ ತೋರಿದ ಊರವರು ಆ ಕತೆಯಲ್ಲಿ ಜಗಲಿಯ ಕೆಳಗೇ ಉಳಿಯುತ್ತಾರೆ. ಕಾಡು ಕಡಿದು ತೋಟ ಮಾಡಿದ ಯಜಮಾನನ ಕೀರ್ತಿಯಲ್ಲಿ ಕತ್ತಿ ಹಿಡಿದ ಕೈಗಳಿಗೆ ಪಾಲು ಕಡಿಮೆ. ಕಾರಂತರಿಗೂ ಹೀಗೆ ತೋರಿತೋ ಏನೋ, 1951ರಲ್ಲಿ 'ಕುಡಿಯರ ಕೂಸು' ಬರೆದಾಗ ಆ ಜಗಲಿಯನ್ನೇ ಬಿಟ್ಟು ಮಲೆಕುಡಿಯರ ನಡುವೆ ಹೋಗಿ ಕುಳಿತರು. ಕಲೆಯ ದೃಷ್ಟಿಯಿಂದ 'ಬೆಟ್ಟದ ಜೀವ'ವೇ ಮೇಲು ಎಂದು ನನ್ನ ಮತ. ನೋಟದ ನ್ಯಾಯಕ್ಕೆ 'ಕುಡಿಯರ ಕೂಸು' ಒಂದು ಹೆಜ್ಜೆ ಮುಂದು.

ತೇಜಸ್ವಿಯವರ 'ಕರ್ವಾಲೊ' (1980) ಇದೇ ಪ್ರಶ್ನೆಯನ್ನು ನಗುನಗುತ್ತ ಎತ್ತಿಕೊಳ್ಳುತ್ತದೆ. ಹಾರುವ ಓತಿಯನ್ನು ಹುಡುಕಿ ಹೊರಟವನು ದೊಡ್ಡ ವಿಜ್ಞಾನಿ. ಆದರೆ ಅದನ್ನು ಕಂಡವನು ಮಂದಣ್ಣ. ಊರಿನ ಲೆಕ್ಕದಲ್ಲಿ ಆತ ಕೆಲಸಕ್ಕೆ ಬಾರದವನು, ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಕೊಂಡವನು. ಕರ್ವಾಲೋರವರ ದೊಡ್ಡತನವಿರುವುದು ಓತಿಯನ್ನು ಅರಸಿದ್ದರಲ್ಲಿ ಅಲ್ಲ, ಮಂದಣ್ಣನ ಕಣ್ಣನ್ನು ಗುರುತಿಸಿದ್ದರಲ್ಲಿ. ಅವನಿಗೆ ಮದುವೆ ಮಾಡಿಸಲು, ಅವನನ್ನು ಪೊಲೀಸರಿಂದ ಬಿಡಿಸಲು ವಿಜ್ಞಾನಿ ಓಡಾಡುತ್ತಾನೆ. ಕಾಡನ್ನು ನೋಡಬೇಕಾದರೆ ಕಾಡಿನವನ ಸಂಸಾರದ ತಾಪತ್ರಯದಲ್ಲಿ ಕೈ ಹಾಕದೆ ಗತಿಯಿಲ್ಲವೆಂಬುದನ್ನು ಇಷ್ಟು ಸಹಜವಾಗಿ ತೋರಿಸಿದ ಇನ್ನೊಂದು ಪುಸ್ತಕ ನಮ್ಮಲ್ಲಿಲ್ಲ. ಕಡೆಗೆ ಓತಿ ಪ್ರಪಾತದ ಮೇಲೆ ತೇಲಿ ಕಣ್ಮರೆಯಾಗುತ್ತದೆ. ದುಡ್ಡು ಕೊಟ್ಟು ಜೀಪು ಹತ್ತಿದವನು ಇಂಥ ಮುಕ್ತಾಯವನ್ನು ಒಪ್ಪುವನೆ? ಅಂದ ಹಾಗೆ, ತೇಜಸ್ವಿಯವರೇ ಕನ್ನಡಿಸಿದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳಲ್ಲಿ ನಮ್ಮ ಸೀಮೆಯ ನೆಲವೂ ಜನವೂ ಬರುತ್ತಾರೆ. ಆಂಡರ್ಸನ್ನರ ಮೊದಲ ಪುಸ್ತಕದ (1954) ಜವಳಗಿರಿ ಇಲ್ಲಿಂದ ಬಹು ದೂರವಲ್ಲ. ಕೋವಿ ಹಿಡಿದ ದೊರೆಯೆಂದು ನಾವು ಬಗೆಯುವ ಅವರು ಪೂಜಾರಿ ಬೈರನನ್ನು ಹೆಸರು ಹಿಡಿದು ಕರೆದು ಗೆಳೆಯನೆಂದು ಬರೆದರು. ಕ್ಯಾಮೆರಾ ಹಿಡಿದ ನಾವು ಅಷ್ಟನ್ನೂ ಮಾಡುತ್ತಿಲ್ಲ.

ಗ್ರಂಥಗಳನ್ನು ಬಿಟ್ಟು ಜನರ ಬಾಯಿಗೆ ಬಂದರೆ ಇನ್ನೂ ಸ್ಪಷ್ಟವಾದ ಮಾತು ಕೇಳುತ್ತದೆ. ಬಿಳಿಗಿರಿಯ ಸೋಲಿಗರಿಗೆ ಬೆಟ್ಟದ ರಂಗನಾಥ ದೇವರು ಹೇಗೋ ಹಾಗೆ ಬಾವನೂ ಹೌದು. ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು. ಹೊರಗಿನಿಂದ ಬಂದ ದೇವರನ್ನು ಸಹ ನಂಟಸ್ತನ ಬೆಳೆಸದೆ ಆ ಜನ ಒಳಗೆ ಬಿಟ್ಟುಕೊಳ್ಳಲಿಲ್ಲ! ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಈ ಮಾತು ಬರಿಯ ಅಲಂಕಾರವೆಂದು ತಿಳಿಯಬೇಡಿ. ಹಿತ್ತಲೆಲ್ಲ ಹಿಕ್ಕೆ ಬಿದ್ದು ನಾರುವಾಗ, ಮರಿಗಳಿಗೆ ತೊಂದರೆಯಾದೀತೆಂದು ಹುಣಸೆ ಬಡಿಯದೆ ಬಿಡುವಾಗ ಮನೆಯಾಕೆಯನ್ನು ತಡೆದು ನಿಲ್ಲಿಸುವುದು ಆ ಒಂದು ಉಪಮೆ. ಅದೇ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದೂ ಉಂಟು. ಮಗಳು ಬರಿಗೈಯಲ್ಲಿ ಬರುವುದಿಲ್ಲ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು. ಆದರೆ ಸರ್ಕಾರದ ಕಾಗದಕ್ಕಿಂತ ಮುಂಚೆ ಉಪಮೆ ಇತ್ತು, ಕಾಗದ ಅದರ ಹಿಂದೆ ನಡೆದು ಬಂತು. ಪ್ರವಾಸಿಗನೂ ಅಲ್ಲಿ ಬಾಣಂತಿಯ ಮನೆಗೆ ಬಂದವನಂತೆ ದನಿ ತಗ್ಗಿಸಬೇಕಾಗುತ್ತದೆ.

ಬಾವ, ಮಗಳು, ಅತಿಥಿ ಇವೆಲ್ಲ ಎರಡು ಕಡೆಗೂ ಕಟ್ಟಳೆಯಿರುವ ಮಾತುಗಳು. ಅತಿಥಿ ಹೊತ್ತಲ್ಲದ ಹೊತ್ತಿನಲ್ಲಿ ಬರಬಾರದು. ಬಂದವನನ್ನು ಮನೆಯವರು ಉಪವಾಸ ಕೆಡವಬಾರದು. ಸಾಕೆನಿಸಿದಾಗ 'ಇನ್ನು ಹೋಗಿ ಬನ್ನಿ' ಎನ್ನುವ ಅಧಿಕಾರ ಮನೆಯವರದು. 'ವಿಹಾರಿ' ಎಂಬ ಮಾತಿನಲ್ಲಿ ಇಂಥ ಯಾವ ಕಟ್ಟಳೆಯೂ ಇಲ್ಲ. ಅವನಿಗೆ ಬನವುಂಟು, ಅವನುಂಟು.

ಈಗ ಮತ್ತೆ ಗೋಪಾಲಯ್ಯನ ಬೆಟ್ಟಕ್ಕೆ ಹೋಗೋಣ. 'ಬೆಟ್ಟದ ಜೀವ'ದ ಹಿನ್ನೆಲೆಯಲ್ಲಿ ನಿಂತ ಕುಮಾರಪರ್ವತ ಇಂದು ಪುಷ್ಪಗಿರಿ ವನ್ಯಧಾಮದ ಭಾಗ. ಅದನ್ನು ಹತ್ತುವವರಿಗೆ ಅರ್ಧ ದಾರಿಯಲ್ಲಿ 'ಭಟ್ಟರ ಮನೆ' ಎಂಬ ಒಂದು ಮನೆ ಅನ್ನ ಸಾರು ಬಡಿಸಿ ಹೆಸರಾಯಿತು. ಕಾದಂಬರಿಯ ಆತಿಥ್ಯ ಅಲ್ಲಿ ಬದುಕಿತ್ತೆನ್ನಬಹುದು. ಆದರೆ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಜಾತ್ರೆಯಂತೆ ಆ ಬೆಟ್ಟಕ್ಕೆ ನುಗ್ಗಿದರು. ಯಾವ ಗೋಪಾಲಯ್ಯ ತಾನೆ ಇಷ್ಟು ಮಂದಿಗೆ ಮಣೆ ಹಾಕಿಯಾನು? ಸರ್ಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿತು. ಆಮೇಲೆ ದಿನಕ್ಕೆ ಇಂತಿಷ್ಟೇ ಜನವೆಂದು ಮಿತಿ ಹಾಕಿ, ಮುಂಗಡವಾಗಿ ಚೀಟಿ ಪಡೆಯುವ ಏರ್ಪಾಡು ಮಾಡಿತು. ಮಿತಿ ಹಾಕಿದ್ದು ಸರಿಯಾದ ಕೆಲಸ. ನಾನದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಏರ್ಪಾಡಿಗೆ ಇಟ್ಟ ಹೆಸರೇನು? 'ಅರಣ್ಯ ವಿಹಾರ'. ಚಂಪೂ ಕವಿಗಳು ಕೇಳಿದ್ದರೆ ತಲೆದೂಗುತ್ತಿದ್ದರು.

ಹೆಸರಿನಲ್ಲೇನಿದೆ, ಮೇಷ್ಟರಿಗೆ ಶಬ್ದದ ಹುಚ್ಚು ಎನ್ನುವವರಿದ್ದಾರೆ. ಅವರು ಬನ್ನೇರುಘಟ್ಟದ ಅಂಚಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತು ಬರಲಿ. ಈ ಕಾಡಿನ ಸುತ್ತ ಪರಿಸರ ಸೂಕ್ಷ್ಮ ವಲಯವೆಂದು ಒಂದು ಪಟ್ಟಿ ಎಳೆಯಲಾಗಿದೆ. 2016ರ ಕರಡಿನಲ್ಲಿ ಅದು ಸುಮಾರು 269 ಚದರ ಕಿಲೋಮೀಟರಿನಷ್ಟಿತ್ತು. 2020ರ ಮಾರ್ಚಿನ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರು ಹೋದದ್ದಕ್ಕೆ ನಗರದ ಪರಿಸರಪ್ರಿಯರು ಪ್ರತಿಭಟಿಸಿದರು. ಅವರ ಸಂಕಟ ನಿಜವಾದದ್ದು. ಊರಿನವನ ಸಂಕಟ ಬೇರೆ. ವಲಯದ ಒಳಗೆ ಬಿದ್ದವನಿಗೆ ಮಗನ ಮದುವೆಗೆ ಒಂದು ಕೋಣೆ ಕಟ್ಟಿಸಬಹುದೋ ಇಲ್ಲವೋ ಎಂಬ ಭಯ. ಅವನ ಹೊಲದ ಪಕ್ಕದಲ್ಲೇ ಬಡಾವಣೆಯ ಕಲ್ಲು ನೆಟ್ಟಿದ್ದಾರೆ. ಅಧಿಸೂಚನೆಯನ್ನು ಓದಿದರೆ ಸ್ಥಳೀಯರು ಸ್ವಂತ ವಾಸಕ್ಕೆ ಕಟ್ಟಿಕೊಳ್ಳಲು ಅವಕಾಶವಿದೆಯೆಂದೂ ಕಾಡಿನ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಹೊಸ ಹೋಟೆಲು, ರೆಸಾರ್ಟುಗಳಿಗೆ ತಡೆಯಿದೆಯೆಂದೂ ತಿಳಿಯುತ್ತದೆ. ಎಂದರೆ ಅದು ಅವನ ಪರವಾದ ಮಾತೇ. ಆದರೆ ಆ ಮಾತು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಅವನ ಹಟ್ಟಿಯವರೆಗೆ ಬರಲಿಲ್ಲ, ಬಂದದ್ದು ಗುಲ್ಲು. ಪ್ರವಾಸೋದ್ಯಮಕ್ಕೆ ಒಂದು ಯೋಜನೆ ಮಾಡಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. ಆ ಯೋಜನೆಯಲ್ಲಿ ಬರುವವರೆಷ್ಟು, ಉಳಿಯುವುದೆಲ್ಲಿ ಎಂಬುದರ ಜೊತೆಗೆ, ತೆನೆ ಬಲಿಯುವ ತಿಂಗಳಲ್ಲಿ ಯಾವ ದಾರಿಗೆ ಯಾರೂ ಬರಕೂಡದೆಂದು ಹೇಳುವ ಹಕ್ಕು ಅಟ್ಟಣೆಯ ಮೇಲೆ ಕೂತವನಿಗೆ ಇದ್ದೀತೆ? ಬನ್ನೇರುಘಟ್ಟದ ಪಕ್ಕದ ಕಾಲೊನಿಯಲ್ಲಿ ಹಕ್ಕಿಪಿಕ್ಕಿಯವರಿದ್ದಾರೆ. ಹಕ್ಕಿಯ ಕೂಗನ್ನು ಅಷ್ಟು ಬಲ್ಲ ಜನ, ಮನೆಯಲ್ಲಿ ವಾಗ್ರಿ ಭಾಷೆ ಆಡುವ ಜನ. ಅವರ ಬಾಯಿಂದ ಈ ಕಾಡಿನ ಒಂದು ಪುಟವನ್ನಾದರೂ ನಮ್ಮ ಪ್ರವಾಸ ಲೇಖಕರು ಕೇಳಿ ಬರೆದರೆ? ಬಿಳಿಗಿರಿಯಲ್ಲಿ 2011ರಲ್ಲಿ ಸೋಲಿಗರಿಗೆ ಹುಲಿ ಮೀಸಲಿನೊಳಗೇ ಸಮುದಾಯದ ಅರಣ್ಯ ಹಕ್ಕು ದೊರೆತದ್ದನ್ನು ಕಂಡಿದ್ದೇವೆ. ಹಕ್ಕು ದೊರೆಯಿತೆಂದು ಹುಲಿ ಓಡಿಹೋಗಲಿಲ್ಲ.

ಕಾಡಿಗೆ ಹೋಗುವುದನ್ನು ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ನಮ್ಮ ಲೇಖಕರು ಜೀಪಿನಿಂದ ಒಮ್ಮೆ ಇಳಿಯಲಿ. ಕಂದಕದ ಆಚೆಯ ಹೊಲದಲ್ಲಿ ನಿಂತವನನ್ನು ಹೆಸರು ಕೇಳಲಿ. ಅವನು ಬೈದರೆ ಆ ಬೈಗುಳವನ್ನೂ ಬರೆಯಲಿ. ಬರಹದಲ್ಲಿ ಅವನಿಗೆ ಬಾಯಿ ಬಂದರೆ ಯೋಜನೆಯ ಸಭೆಯಲ್ಲಿ ಅವನಿಗೊಂದು ಕುರ್ಚಿ ಹಾಕಬೇಕೆಂದು ಯಾರಿಗಾದರೂ ಹೊಳೆದೀತು. ಬರಹದಲ್ಲೇ ಇಲ್ಲದವನನ್ನು ಅಲ್ಲಿ ಯಾರು ನೆನೆಯುತ್ತಾರೆ?

ಇಪ್ಪತ್ತಕ್ಕೆ ಏಳು ಪಡೆದ ಹುಡುಗ ಈಗ ಇಲ್ಲಿಯೇ ಒಂದು ಕಾರ್ಖಾನೆಯಲ್ಲಿ ಎರಡನೆಯ ಪಾಳಿಯಲ್ಲಿದ್ದಾನೆ. ಕಾವಲಿಗೆ ತಾತನೂ ಇಲ್ಲವಂತೆ. ಹೊಲಕ್ಕೆ ಈಗ ನೀಲಗಿರಿ ಹಾಕಿದ್ದಾರಂತೆ. ಅವನ ಉತ್ತರ ಪತ್ರಿಕೆ ನನ್ನ ಬೀರುವಿನಲ್ಲಿದೆ. ಈ ವರ್ಷ ಪ್ರಬಂಧದ ವಿಷಯವನ್ನು ತಿರುಗಿಸಿ ಕೊಟ್ಟೆ: 'ನಮ್ಮ ಊರಿಗೆ ಬಂದ ಒಬ್ಬ ಪ್ರವಾಸಿಗ'. ಪತ್ರಿಕೆಗಳ ಕಟ್ಟು ಮೇಜಿನ ಮೇಲಿದೆ, ಮೂರನ್ನೋ ನಾಲ್ಕನ್ನೋ ಓದಿದ್ದೇನೆ. ಆನೇಕಲ್ಲಿನ ಕಡೆಯ ಒಬ್ಬ ಹುಡುಗಿ, ಬಂದವರು ಬಹಳ ಒಳ್ಳೆಯವರು, ತಮ್ಮ ಅಜ್ಜಿಯ ಫೋಟೋ ತೆಗೆದುಕೊಂಡರು ಎಂದು ತೊಡಗಿ, ಕಾರನ್ನು ಮಾತ್ರ ಕಣದಲ್ಲಿ ನಿಲ್ಲಿಸಿ ಹೋಗಿಬಿಟ್ಟರು, ಆವತ್ತು ರಾಗಿ ಬಡಿಯಬೇಕಾಗಿತ್ತು, ಸಂಜೆಯ ತನಕ ಕಾದೆವು ಎಂದು ಬರೆದಿದ್ದಾಳೆ.